ಮಧ್ಯದಾರಿಯಲ್ಲಿ ಮಲಗಿಬಿಟ್ಟ ಸಣ್ಣ ನಾಯಿ: ಬೇಸಿಗೆಯಲ್ಲಿ ಚಾರಣಕ್ಕೆ ಕರೆದೊಯ್ಯಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ 6 ಕೆ.ಜಿ. ತೂಕದ ಮಿಶ್ರತಳಿ ನಾಯಿ ಇದೆ. ಹೆಣ್ಣು, ಮೂರು ವರ್ಷ. ದಿನಾ ಬೆಳಿಗ್ಗೆ ನನ್ನ ಜೊತೆ ಮೂರು ಕಿಲೋಮೀಟರ್ ನಡೆಯುತ್ತದೆ, ದಣಿವೇ ಇಲ್ಲ. ಹೋದ ತಿಂಗಳು ಒಂದು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆವು. ಒಂಬತ್ತಕ್ಕೆ ಹತ್ತಲು ಶುರು ಮಾಡಿದೆವು. ಹತ್ತುವಾಗ ನಮಗಿಂತ ಮುಂದೆ ಓಡುತ್ತಿತ್ತು. ಇಳಿಯುವಾಗ, ಸುಮಾರು ಹನ್ನೊಂದೂವರೆಗೆ, ಒಂದು ಪೊದೆಯ ಕೆಳಗೆ ನುಗ್ಗಿ ಮಲಗಿಬಿಟ್ಟಿತು. ಕರೆದರೂ ಏಳಲಿಲ್ಲ. ನೀರು ಕುಡಿಸಿ, ತಲೆ ಒದ್ದೆ ಮಾಡಿ, ಎತ್ತಿಕೊಂಡು ಇಳಿದೆವು. ಸಂಜೆಗೆ ಸರಿಹೋಯಿತು. ಸಣ್ಣ ನಾಯಿಗಳಿಗೆ ಬೆಟ್ಟ ಹತ್ತುವುದು ಆಗುವುದೇ ಇಲ್ಲವೇ? ನಾಯಿಗೆ ಬೂಟು, ತಂಪು ಜಾಕೆಟ್ ಅಂತೆಲ್ಲ ಸಿಗುತ್ತವಲ್ಲ, ಅವನ್ನು ಕೊಂಡರೆ ಬೇಸಿಗೆಯಲ್ಲೂ ಕರೆದೊಯ್ಯಬಹುದೇ?

ಉತ್ತರ: ಆ ದಿನ ನಿಮ್ಮೆಲ್ಲರ ಪೈಕಿ ಸರಿಯಾದ ತೀರ್ಮಾನ ಮಾಡಿದ್ದು ನಿಮ್ಮ ನಾಯಿ. ನೆರಳು ಹುಡುಕಿತು, ಮಲಗಿತು, ಕರೆದರೂ ಏಳಲಿಲ್ಲ. ಬಹಳಷ್ಟು ನಾಯಿಗಳು ಹೀಗೆ ಮಾಡುವುದಿಲ್ಲ. ಮನೆಯವರು ಮುಂದೆ ನಡೆಯುತ್ತಿದ್ದರೆ ಕಾಲು ಸೋತರೂ ಹಿಂದೆ ಬರುತ್ತಲೇ ಇರುತ್ತವೆ. ಬಿದ್ದ ಮೇಲೆಯೇ ನಿಲ್ಲುವುದು. ನನ್ನ ಹತ್ತಿರ ಬರುವ ಕೆಟ್ಟ ಪ್ರಕರಣಗಳು ಹೆಚ್ಚಾಗಿ ಇಂಥವೇ: "ಹತ್ತು ನಿಮಿಷದ ಹಿಂದೆ ಚೆನ್ನಾಗೇ ನಡೀತಿತ್ತು ಡಾಕ್ಟ್ರೇ." ಹಾಗಾಗಿ ನಿಮ್ಮದನ್ನು ಹಟಮಾರಿ ಅಂತ ಬಯ್ದಿದ್ದರೆ, ಆ ಬೈಗುಳ ವಾಪಸ್ ತೆಗೆದುಕೊಳ್ಳಿ.

ನಿಮ್ಮ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಹೇಳಿಬಿಡುತ್ತೇನೆ. ಸಣ್ಣ ನಾಯಿ ಬೆಟ್ಟ ಹತ್ತುತ್ತದೆ, ಧಾರಾಳವಾಗಿ ಹತ್ತುತ್ತದೆ. ಆದರೆ ಬೇಸಿಗೆಯ ಏರುಬಿಸಿಲಲ್ಲಿ ಹತ್ತಿಸಬಾರದು, ಯಾವ ಜಾಕೆಟ್ ಹಾಕಿದರೂ. ನೀವು ಕೊಳ್ಳಬೇಕಾದ ಸಾಮಾನಿನ ಪಟ್ಟಿ ಚಿಕ್ಕದು. ಬದಲಾಯಿಸಬೇಕಾದದ್ದು ಅಲಾರಂ ಹೊಡೆಯುವ ಹೊತ್ತು.

ಬಿಸಿಲು ಅಂದರೆ ನಮಗೆ ಮೇಲಿನಿಂದ ಬೀಳುವ ಕಾವು ಮಾತ್ರ ಕಾಣುತ್ತದೆ. ನಾಯಿಯ ತೊಂದರೆ ಶುರುವಾಗುವುದು ಒಳಗಿನಿಂದ. ಸ್ನಾಯುಗಳು ದುಡಿಯುವಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಚಲನೆ ಆಗುವುದಿಲ್ಲ, ಕಾವಾಗುತ್ತದೆ. ಅಂದರೆ ಬೆಟ್ಟ ಹತ್ತುವ ನಾಯಿಯ ಹೊಟ್ಟೆಯೊಳಗೆ ಒಂದು ಒಲೆ ಉರಿಯುತ್ತಿದೆ ಅಂದುಕೊಳ್ಳಿ. ಬ್ರಿಟನ್ನಿನ ಪಶುವೈದ್ಯಶಾಲೆಗಳ 2016ರಿಂದ 2018ರವರೆಗಿನ ದಾಖಲೆಗಳನ್ನು ಜಾಲಾಡಿದ ಸಂಶೋಧಕರಿಗೆ ಕಂಡದ್ದು ಇದೇ. ಕಾರಿನಲ್ಲಿ ಕೂಡಿಹಾಕಿದ ನಾಯಿಗಳಿಗೇ ಹೀಟ್ ಸ್ಟ್ರೋಕ್ ಆಗುವುದು ಅಂತ ಎಲ್ಲರೂ ತಿಳಿದಿದ್ದರು. ನೋಡಿದರೆ ಕಾರಿನ ಪಾಲು ನೂರಕ್ಕೆ ಸುಮಾರು ಐದು. ನಡಿಗೆ, ಓಟ, ಆಟದಿಂದ ಆದದ್ದು ನೂರಕ್ಕೆ ಎಪ್ಪತ್ತನಾಲ್ಕು. ಅದೂ ಬ್ರಿಟನ್ನಿನಂಥ ತಂಪು ದೇಶದಲ್ಲಿ!

ಇನ್ನು ಆ ಕಾವು ಹೊರಗೆ ಹೋಗುವ ದಾರಿ. ನಮ್ಮ ಮೈಯೆಲ್ಲ ಬೆವರುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದು ಲೆಕ್ಕಕ್ಕಿಲ್ಲ. ಅದರ ಬಂಡವಾಳವೆಲ್ಲ ನಾಲಗೆ, ಬಾಯಿ ಮತ್ತು ಮೂಗು. ಆರಾಮಾಗಿ ಮಲಗಿದ ನಾಯಿ ನಿಮಿಷಕ್ಕೆ ಇಪ್ಪತ್ತು, ಇಪ್ಪತ್ತೈದು ಸಲ ಉಸಿರಾಡಿದರೆ, ತೇಕುವ ನಾಯಿ ಮುನ್ನೂರರವರೆಗೂ ಹೋಗುತ್ತದೆ. ಒದ್ದೆ ನಾಲಗೆ, ಒದ್ದೆ ಮೂಗಿನ ಮೇಲೆ ಗಾಳಿ ಆಡಿ ನೀರು ಆವಿಯಾಗುತ್ತದೆ, ಆವಿಯ ಜೊತೆ ಕಾವು ಹೋಗುತ್ತದೆ. ಗಾಳಿಯಲ್ಲೇ ತೇವ ಜಾಸ್ತಿ ಇದ್ದರೆ ಈ ಯಂತ್ರ ಕೈಕೊಡುತ್ತದೆ. ಅದಕ್ಕೇ ನಾನು ಜನರಿಗೆ ಥರ್ಮಾಮೀಟರಿಗಿಂತ ಮೊದಲು ಒಣಹಾಕಿದ ಬಟ್ಟೆ ನೋಡಿ ಅನ್ನುತ್ತೇನೆ. ಬಟ್ಟೆ ಒಣಗದ ದಿನ ನಾಯಿಯ ಮೈಯೂ ಆರುವುದಿಲ್ಲ. ಮೋಡ ಮುಚ್ಚಿದ ಸೆಕೆಯ ದಿನ, ಒಣ ಬಿಸಿಲಿನ ದಿನಕ್ಕಿಂತ ಕೆಟ್ಟದಾಗಬಹುದು. ಬಿಸಿಲೇ ಇಲ್ಲವಲ್ಲ ಅಂತ ಹೊರಡುವವರು ಸಿಕ್ಕಿಬೀಳುವುದು ಇಲ್ಲೇ.

ಸಣ್ಣ ಗಾತ್ರದಿಂದ ಲಾಭವೂ ಇದೆ, ನಷ್ಟವೂ ಇದೆ. ಸಣ್ಣ ಪಾತ್ರೆ ಬೇಗ ಆರುತ್ತದೆ, ಬೇಗ ಕಾಯುತ್ತದೆ, ಅಲ್ವಾ? ಹಾಗೇ ಇದು. ತೂಕಕ್ಕೆ ಹೋಲಿಸಿದರೆ ಸಣ್ಣ ನಾಯಿಯ ಚರ್ಮದ ಹರವು ಜಾಸ್ತಿ. ತಂಪು ಗಾಳಿಯಲ್ಲಿ ಅದು ಕಾವನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಆ ಬ್ರಿಟಿಷ್ ತಂಡದ ಲೆಕ್ಕದಲ್ಲೂ 10 ಕೆ.ಜಿ. ಒಳಗಿನ ನಾಯಿಗಳಿಗಿಂತ 50 ಕೆ.ಜಿ. ಮೀರಿದ ನಾಯಿಗಳಿಗೇ ಅಪಾಯ ಜಾಸ್ತಿ ಅಂತ ಬಂತು. ಆದರೆ ಸುತ್ತಲಿನ ಬಂಡೆ, ಮಣ್ಣು ಎಲ್ಲ ಅದರ ಮೈಗಿಂತ ಬಿಸಿಯಾದಾಗ ಅದೇ ಚರ್ಮ ಕಾವನ್ನು ಒಳಗೆ ಎಳೆದುಕೊಳ್ಳುತ್ತದೆ.

ಮತ್ತೆ ಎತ್ತರ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ, ಮಾಡಿ ನೋಡಬೇಕು. ಬಿಸಿಲಿನ ಕಾಲುದಾರಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ನೆಲದಿಂದ ಒಂದು ಗೇಣು ಮೇಲೆ ಅಂಗೈ ಚಾಚಿ ಒಂದು ನಿಮಿಷ ಹಿಡಿಯಿರಿ. ನಿಮ್ಮ ನಾಯಿಯ ಹೊಟ್ಟೆ ಇರುವುದು ಆ ಝಳದಲ್ಲಿ. ನಿಮ್ಮ ಮುಖಕ್ಕೆ ಗಾಳಿ ಬೀಸುತ್ತಿರುತ್ತದೆ, ಅದಕ್ಕೆ ಹುಲ್ಲು ಅಡ್ಡ. ಹೊಟ್ಟೆಯ ಮೇಲೆ ಕೂದಲೂ ಕಮ್ಮಿ. ಮೇಲಾಗಿ ನೀವು ಒಂದು ಹೆಜ್ಜೆ ಇಡುವಲ್ಲಿ ಅದು ನಾಲ್ಕೈದು ಇಡುತ್ತದೆ, ನೀವು ಹತ್ತುವ ಮೆಟ್ಟಿಲನ್ನು ಅದು ನೆಗೆಯುತ್ತದೆ. ಹವಾಮಾನ ವರದಿಯ ಡಿಗ್ರಿ ನಿಮ್ಮ ಎತ್ತರದ ಲೆಕ್ಕ, ಅದರದ್ದಲ್ಲ.

ನಿಮ್ಮ ನಾಯಿ ಹತ್ತುವಾಗ ಬೀಳದೆ ಇಳಿಯುವಾಗ ಮಲಗಿದ್ದಕ್ಕೂ ಇದೇ ಕಾರಣ ಅಂತ ನನ್ನ ಊಹೆ. ಹತ್ತುವಾಗ ಮುಂದೆ ಓಡಿ ಓಡಿ ಒಳಗೆ ಕಾವು ಸೇರಿಸಿಕೊಂಡಿತ್ತು. ಮೇಲೆ ನೀವು ಎಷ್ಟು ಹೊತ್ತು ಕೂತಿರಿ ಅಂತ ಬರೆದಿಲ್ಲ. ಕೂತಿದ್ದರೂ ಬಟ್ಟಬಯಲಿನ ಬಂಡೆಯ ಮೇಲೇ ಕೂತಿರುತ್ತೀರಿ, ಅಲ್ಲಿಂದಲೇ ತಾನೇ ನೋಟ ಚೆಂದ! ಇಳಿಯುವ ಹೊತ್ತಿಗೆ ದಾರಿ ಕಾದಿತ್ತು. ಜನ ಹತ್ತುವ ದಾರಿಯ ಲೆಕ್ಕ ಹಾಕುತ್ತಾರೆ, ಇಳಿಯುವಾಗ ಸುಲಭ ಅಂತ ಬಿಟ್ಟುಬಿಡುತ್ತಾರೆ. ಕಾಲಿಗೆ ಸುಲಭ, ನಿಜ. ಗಡಿಯಾರ ನೋಡಿದರೆ ಇಳಿಯುವುದೇ ಕಷ್ಟ.

ಆದ್ದರಿಂದ ಮೊದಲ ನಿಯಮ: ಹೊರಡುವ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕಿ. ಬಿಸಿಲು ಚುರುಕಾಗುವ ಮೊದಲು ವಾಪಸ್ ಕೆಳಗೆ ಇರಬೇಕು. ಬೇಸಿಗೆಯಲ್ಲಿ ಅಂದರೆ ಎಂಟೂವರೆ, ಒಂಬತ್ತರೊಳಗೆ. ಮೂರು ಗಂಟೆಯ ದಾರಿಯಾದರೆ ಐದೂವರೆಗೆ ಹೆಜ್ಜೆ ಇಡಬೇಕು. ಸಂಜೆ ಹೋಗಬಾರದೇ ಅಂತ ಕೇಳುತ್ತೀರಿ. ಹೋಗಬಹುದು, ಆದರೆ ಬೆಳಗ್ಗೆಗೆ ಅದು ಸಮ ಅಲ್ಲ. ಗಾಳಿ ತಣ್ಣಗಾದರೂ ಬಂಡೆ, ಡಾಂಬರು ಹಗಲಿನ ಕಾವನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಂಡಿರುತ್ತವೆ. ನೆಲ ನಿಜವಾಗಿ ತಣಿದಿರುವುದು ಬೆಳಗಿನ ಜಾವ ಮಾತ್ರ.

ನೆಲದ ಪರೀಕ್ಷೆ ನಿಮಗೆ ಗೊತ್ತಿರಬಹುದು: ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡು ಇಡಿ. ಇಡಲಾಗದಿದ್ದರೆ ನಾಯಿ ಅಲ್ಲಿ ನಡೆಯಬಾರದು. ಗಾಳಿ 25 ಡಿಗ್ರಿ ಸೆಲ್ಸಿಯಸ್ ಇರುವ ದಿನ, ನೇರ ಬಿಸಿಲು ಬಿದ್ದ ಡಾಂಬರು 50ರ ಆಸುಪಾಸಿಗೆ ಹೋಗುತ್ತದೆ. ಇದನ್ನು ಹೊರಡುವ ಜಾಗದ ನೆರಳಲ್ಲಿ ಮಾಡಿ ಸಮಾಧಾನ ಪಟ್ಟುಕೊಳ್ಳುವವರನ್ನು ನೋಡಿದ್ದೇನೆ. ದಾರಿಯಲ್ಲಿ ಬಂಡೆ ಬಂದಾಗಲೆಲ್ಲ ಮಾಡಿ.

ಎಷ್ಟು ಡಿಗ್ರಿ ಮೇಲೆ ಹೋಗಬಾರದು ಅಂತ ಒಂದೇ ಸಂಖ್ಯೆ ಕೊಡಿ ಅಂದರೆ ಕಷ್ಟ. ಆದರೂ ನನ್ನ ಸ್ವಂತ ಗೆರೆ ಹೇಳುತ್ತೇನೆ. ಆರೋಗ್ಯವಂತ, ಉದ್ದ ಮೂಗಿನ, ದಪ್ಪ ಇಲ್ಲದ ಸಣ್ಣ ನಾಯಿಗೆ 24 ಡಿಗ್ರಿವರೆಗೆ ಆರಾಮಾಗಿ ಹೋಗಿ. 24 ದಾಟಿದರೆ ದಾರಿ ಅರ್ಧ ಮಾಡಿ, ನೆರಳಿರುವ ದಾರಿಯನ್ನೇ ಆರಿಸಿ. 28 ದಾಟಿದರೆ ಮನೆಯಲ್ಲಿ ಬಿಡಿ. ಸೆಕೆ ಇದ್ದರೆ ಈ ಎರಡೂ ಸಂಖ್ಯೆಯಿಂದ ಮೂರು, ನಾಲ್ಕು ಕಳೆಯಿರಿ. ನನ್ನದು ಸ್ವಲ್ಪ ಬಿಗಿ ಅಂತ ನಿಮಗೆ ಅನ್ನಿಸಬಹುದು. ಇರಲಿ.

ಕೆಲವು ನಾಯಿಗಳ ಮಾತೇ ಬೇರೆ. ಪಗ್, ಫ್ರೆಂಚ್ ಬುಲ್‌ಡಾಗ್, ಶಿಟ್ಸು, ಪೆಕಿಂಗೀಸ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಬೇಸಿಗೆ ಚಾರಣ ಬೇಡವೇ ಬೇಡ. ತಣಿಯಲು ಬೇಕಾದ ಮೂಗನ್ನೇ ನಾವು ತಳಿ ಮಾಡುವಾಗ ಕಿತ್ತುಕೊಂಡಿದ್ದೇವೆ. ಲ್ಯಾಬ್ರಡಾರ್‌ಗೆ ಹೋಲಿಸಿದರೆ ಪಗ್‌ಗೆ ಹೀಟ್ ಸ್ಟ್ರೋಕ್ ಅಪಾಯ ಮೂರು ಪಟ್ಟು, ಫ್ರೆಂಚ್ ಬುಲ್‌ಡಾಗ್‌ಗೆ ಆರು ಪಟ್ಟು ಅಂತ ಅದೇ ಬ್ರಿಟಿಷ್ ತಂಡ ಲೆಕ್ಕ ಕೊಟ್ಟಿದೆ. ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾಗಳಲ್ಲಿ ಇನ್ನೊಂದು ಸಮಸ್ಯೆ: ಉಸಿರುನಾಳ ಮೆತ್ತಗಾಗಿ ಕುಸಿಯುವುದು. ಜೋರಾಗಿ ತೇಕಿದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮು ಬಂದರೆ ಇದೇ ಇರಬಹುದು, ತೋರಿಸಿ. ವಯಸ್ಸಾದ ಸಣ್ಣ ನಾಯಿಗಳಲ್ಲಿ ಹೃದಯದ ಕವಾಟ ಸೋರುವುದು ಸಾಮಾನ್ಯ. ಅವು ಮನೆಯಲ್ಲಿ ಲವಲವಿಕೆಯಿಂದಲೇ ಇರುತ್ತವೆ, ಏರಿನಲ್ಲಿ ಗುಟ್ಟು ಬಯಲಾಗುತ್ತದೆ. ದಪ್ಪ ನಾಯಿಗಳ ಬಗ್ಗೆ ಹೇಳಲೇಬೇಕಾಗಿಲ್ಲ. 6 ಕೆ.ಜಿ. ನಾಯಿಗೆ ಒಂದು ಕೆ.ಜಿ. ಹೆಚ್ಚುವರಿ ಕೊಬ್ಬು ಅಂದರೆ 60 ಕೆ.ಜಿ. ಮನುಷ್ಯ ಹತ್ತು ಕೆ.ಜಿ. ಹೊತ್ತ ಹಾಗೆ, ಅದೂ ಕಂಬಳಿ ರೂಪದಲ್ಲಿ.

ನೀರಿನ ವಿಷಯಕ್ಕೆ ಬರೋಣ. ಮನೆಯಲ್ಲಿ ಇರುವ ನಾಯಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 50ರಿಂದ 60 ಮಿ.ಲೀ. ನೀರು ಬೇಕು. ನಿಮ್ಮದಕ್ಕೆ 300ರಿಂದ 360. ಬೆಚ್ಚಗಿನ ದಿನ ಬೆಟ್ಟ ಹತ್ತಿದರೆ ಇದರ ಎರಡು ಪಟ್ಟು ಬೇಕಾಗಬಹುದು. ನಾನಾದರೆ ಅದರ ಪಾಲಿಗೆ ಅಂತಲೇ ಒಂದು ಲೀಟರ್ ಬೇರೆ ಬಾಟಲಿಯಲ್ಲಿ ಒಯ್ಯುತ್ತೇನೆ. ಸ್ವಲ್ಪ ಕುಡಿಯಲು, ಉಳಿದದ್ದು ಮೈ ಒದ್ದೆ ಮಾಡಲು. ಒಂದೇ ಬಾಟಲಿಯಲ್ಲಿ ಇಬ್ಬರೂ ಕುಡಿದರೆ ಮನುಷ್ಯ ಮುಂದಿನ ಏರಿಗೆ ಅಂತ ಉಳಿಸಲು ಹೋಗುತ್ತಾನೆ, ನಾಯಿಗೆ ಕಮ್ಮಿಯಾಗುತ್ತದೆ. ಹದಿನೈದು, ಇಪ್ಪತ್ತು ನಿಮಿಷಕ್ಕೊಮ್ಮೆ ಮೂರು, ನಾಲ್ಕು ಗುಟುಕು ಕುಡಿಸಿ. ಒಮ್ಮೆಲೇ ಬಟ್ಟಲು ತುಂಬ ಕುಡಿದು ಓಡಿದರೆ ವಾಂತಿ ಮಾಡುತ್ತದೆ. ಹೊಸ ಜಾಗದ ಗಡಿಬಿಡಿಯಲ್ಲಿ ಕೆಲವು ನಾಯಿಗಳು ಕುಡಿಯುವುದೇ ಇಲ್ಲ. ಅಂಥವಕ್ಕೆ ಮನೆಯಲ್ಲೇ ಆ ಮಡಚುವ ಬಟ್ಟಲಿನಲ್ಲಿ ಕುಡಿದು ಅಭ್ಯಾಸ ಮಾಡಿಸಿ. ಹೊರಡುವ ಮುಂಚಿನ ಊಟದಲ್ಲಿ ನೀರು ಬೆರೆಸಿ ತೆಳ್ಳಗೆ ಕೊಡುವುದೂ ಒಂದು ಉಪಾಯ.

ದಾರಿಯಲ್ಲಿ ಸಿಗುವ ನೀರು ಹರಿಯುತ್ತಿದ್ದರೆ ಮೈ ತೋಯಿಸಲು ಬಳಸಿ, ಸಂತೋಷ. ನಿಂತ ನೀರಿಗೆ ಇಳಿಸಬೇಡಿ. ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಹಸಿರು, ನೀಲಿ ಬಣ್ಣ ಬಳಿದ ಹಾಗೆ ಪಾಚಿಯಂಥದ್ದು ಕಟ್ಟುತ್ತದೆ. ಅದರಲ್ಲಿ ಕೆಲವು ಬಗೆ ಯಕೃತ್ತು, ನರಗಳಿಗೆ ವಿಷ. ಸಣ್ಣ ನಾಯಿಗೆ ಕೆಲವೇ ಗುಟುಕು ಸಾಕು. ಈಜಿ ಬಂದು ಮೈ ನೆಕ್ಕಿಕೊಂಡರೂ ಹೊಟ್ಟೆಗೆ ಹೋಗುತ್ತದೆ. ಇಲಿಜ್ವರದ ಭಯವೂ ನಿಂತ ನೀರಿನಲ್ಲೇ.

ನಿಮ್ಮ ಚೀಲದ ತಿಂಡಿಯ ಬಗ್ಗೆಯೂ ಒಂದು ಮಾತು. ಒಣದ್ರಾಕ್ಷಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಸಕ್ಕರೆ ಬದಲಿಗೆ ಜೈಲಿಟಾಲ್ ಹಾಕಿದ ಚ್ಯೂಯಿಂಗ್ ಗಮ್, ಕೆಲವು ಶಕ್ತಿಪಾನೀಯದ ಪುಡಿಗಳು ಇನ್ನೂ ಕೆಟ್ಟವು. ಪಾಪ ಸುಸ್ತಾಗಿದೆ ಅಂತ ನಿಮ್ಮ ಗ್ಲೂಕೋಸ್, ಎಲೆಕ್ಟ್ರೋಲೈಟ್ ನೀರು ಕುಡಿಸಬೇಡಿ. ನಾಯಿ ನಮ್ಮಷ್ಟು ಉಪ್ಪನ್ನು ಬೆವರಿನಲ್ಲಿ ಕಳೆದುಕೊಳ್ಳುವುದಿಲ್ಲ. ಬರೀ ನೀರು ಸಾಕು.

ಈಗ ನೀವು ಕೇಳಿದ ಬೂಟು ಮತ್ತು ಜಾಕೆಟ್.

ಬೂಟು ಕೆಟ್ಟದ್ದಲ್ಲ. ಚೂಪುಕಲ್ಲು, ಮುಳ್ಳು ಇರುವ ದಾರಿಗೆ ಒಳ್ಳೆಯದು. ಆದರೆ ಬೂಟು ಹಾಕಿದ್ದೇವೆ ಅಂತ ಕಾದ ಬಂಡೆಯ ಮೇಲೆ ನಡೆಸಿದರೆ ಅಂಗಾಲು ಉಳಿಯುತ್ತದೆ, ಹೊಟ್ಟೆ ಕಾಯುತ್ತದೆ. ಅಪಾಯದ ಗಂಟೆಯನ್ನು ನಾವೇ ಬಾಯಿಮುಚ್ಚಿಸಿದ ಹಾಗಾಯಿತು. ತಂಪು ಜಾಕೆಟ್ ಅಂದರೆ ನೀರಿನಲ್ಲಿ ಅದ್ದಿ ಹಾಕುವ ಬಟ್ಟೆ. ನೀರು ಆರುವಾಗ ತಂಪು ಕೊಡುತ್ತದೆ. ಒಣ ಹವೆಯಲ್ಲಿ ನಿಜವಾಗಿ ಉಪಯೋಗ ಇದೆ. ಸೆಕೆಯಲ್ಲಿ ಅದು ಆರುವುದಿಲ್ಲ, ಬೆಚ್ಚಗಿನ ಒದ್ದೆ ಚೀಲವಾಗಿ ಮೈಗೆ ಅಂಟಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲಂತೂ ಅದು ಸುಮ್ನೆ ಒಂದು ಸ್ವೆಟರ್. ಮರುಅದ್ದಲು ನೀರಿಲ್ಲದ ದಾರಿಗೆ ಅದನ್ನು ಹಾಕಲೇಬೇಡಿ.

ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಎರಡಕ್ಕೆ ಮಾಡಿ. ಒಂದು, ಎದೆಗೆ ಹಾಕುವ ಹಾರ್ನೆಸ್. ಕತ್ತಿನ ಬೆಲ್ಟ್ ಎಳೆದಾಗ ಉಸಿರುನಾಳ ಒತ್ತುತ್ತದೆ, ತೇಕಬೇಕಾದ ಹೊತ್ತಿನಲ್ಲೇ. ಹಾರ್ನೆಸ್‌ನ ಬೆನ್ನಿಗೆ ಗಟ್ಟಿ ಹಿಡಿ ಇದ್ದರೆ ಕಡಿದಾದ ಕಡೆ ಕೈಯಿಂದ ಆಸರೆ ಕೊಡಬಹುದು. ಮೈಯೆಲ್ಲ ಮುಚ್ಚುವ ಅಗಲದ್ದು ಬೇಡ, ಪಟ್ಟಿಗಳಷ್ಟೇ ಇರುವುದು ಸಾಕು. ಎರಡು, ನಾಯಿಯನ್ನು ಹೊರುವ ಚೀಲ. ಸಣ್ಣ ನಾಯಿ ಸಾಕುವವರಿಗೆ ಸಿಕ್ಕ ದೊಡ್ಡ ವರವೇ ಇದು. ಮೂವತ್ತು ಕೆ.ಜಿ. ನಾಯಿ ಬೆಟ್ಟದ ಮೇಲೆ ಕೂತುಬಿಟ್ಟರೆ ಅದರ ಮನೆಯವರ ಪಾಡು ಕೇಳಬೇಡಿ. ನೀವು ಎತ್ತಿಕೊಂಡು ಇಳಿದಿರಿ.

ಆದರೆ ಚೀಲದಲ್ಲೂ ಒಂದು ಮೋಸ ಇದೆ. ಅದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ವೃತ್ತಿಗೆ ಬಂದ ಹೊಸತರಲ್ಲಿ ನನ್ನದೇ 5 ಕೆ.ಜಿ. ನಾಯಿಯನ್ನು ಬೆನ್ನಚೀಲದಲ್ಲಿ ಕೂರಿಸಿ, ವಿಶ್ರಾಂತಿ ಸಿಗಲಿ ಅಂತ ಅರ್ಧ ಗಂಟೆ ನಡೆದೆ. ಸದ್ದಿಲ್ಲ, ನಿದ್ದೆ ಮಾಡುತ್ತಿದೆ ಅಂದುಕೊಂಡೆ. ತೆಗೆದು ನೋಡಿದರೆ ನಾಲಗೆ ಹೊರಗೆ ಚೆಲ್ಲಿ, ಕಣ್ಣು ತೇಲಿಸುತ್ತಿತ್ತು. ಒಂದು ಕಡೆ ಬೆವರಿದ ನನ್ನ ಬೆನ್ನು, ಇನ್ನೊಂದು ಕಡೆ ಬಿಸಿಲಿಗೆ ಕಾದ ಕಪ್ಪು ಬಟ್ಟೆ. ನಡುವೆ ಅದು. ಓದಿದ್ದೆಲ್ಲ ಆ ಅರ್ಧ ಗಂಟೆ ಎಲ್ಲಿ ಹೋಗಿತ್ತೋ! ಹಾಗಾಗಿ ಚೀಲ ತಿಳಿಬಣ್ಣದ್ದಿರಲಿ, ಮೂರು ಕಡೆ ಜಾಲರಿ ಇರಲಿ. ಮೊದಲು ಮೈ ಒದ್ದೆ ಮಾಡಿ ಕೂರಿಸಿ, ತಲೆ ಹೊರಗಿರಲಿ, ಐದು ನಿಮಿಷಕ್ಕೊಮ್ಮೆ ಮುಖ ನೋಡಿ. ಕಾದ ನಾಯಿಯನ್ನು ಚೀಲದಲ್ಲಿ ಇಡಬಾರದು. ಕಾಯದಿರಲಿ ಅಂತ ಮೊದಲೇ ಇಡಬೇಕು.

ಕೂದಲು ಬೋಳಿಸಬೇಕೇ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಪೊಮೆರೇನಿಯನ್ ಥರ ಎರಡು ಪದರದ ಕೂದಲಿದ್ದರೆ ಬೋಳಿಸಬೇಡಿ. ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ, ಕೂದಲು ಮತ್ತೆ ಸರಿಯಾಗಿ ಬೆಳೆಯದೇ ಇರುವುದೂ ಉಂಟು. ಚೆನ್ನಾಗಿ ಬಾಚಿ ಉದುರಿದ ಒಳಗೂದಲು ತೆಗೆಯಿರಿ, ಹೊಟ್ಟೆಯ ಕೂದಲು ಗಿಡ್ಡ ಮಾಡಿಸಿ. ಸಾಕು.

ಇನ್ನು ನೀವು ನಿಜವಾಗಿ ಕಲಿಯಬೇಕಾದದ್ದು ನಾಲಗೆ ಓದುವುದು. ತೇಕುವುದು ಸಹಜ. ಆದರೆ ನಾಲಗೆ ಬಾಯಿಯ ಅಗಲ ಮೀರಿ, ತುದಿ ಸೌಟಿನ ಹಾಗೆ ಹರಡಿಕೊಂಡಿತೋ, ಅಲ್ಲಿಗೆ ನಿಲ್ಲಿ. ಇನ್ನೊಂದು ಗುರುತು: ಎರಡು ನಿಮಿಷ ನೆರಳಲ್ಲಿ ನಿಂತರೂ ತೇಕುವ ವೇಗ ಕಮ್ಮಿಯಾಗುವುದಿಲ್ಲ. ಮುಂದೆ ಓಡುತ್ತಿದ್ದದ್ದು ನಿಮ್ಮ ಹಿಂದೆ ಬಂತು, ಪ್ರತಿ ನೆರಳಿಗೂ ತಿರುಗುತ್ತಿದೆ, ತಿಂಡಿ ಕೊಟ್ಟರೆ ಮೂಸಿ ಬಿಡುತ್ತಿದೆ. ಇವೆಲ್ಲ ಅದರ ಮಾತು. ಈ ಹಂತದಲ್ಲಿ ವಾಪಸ್ ತಿರುಗಿದರೆ ಏನೂ ಆಗುವುದಿಲ್ಲ. ನಿಮ್ಮ ನಾಯಿ ಪೊದೆಗೆ ನುಗ್ಗಿದ್ದು ಇದರ ಮುಂದಿನ ಹಂತ.

ಅದಾದ ಮೇಲಿನದ್ದು ತುರ್ತು. ಒಸಡು ಇಟ್ಟಿಗೆಯಂತೆ ಕಡುಗೆಂಪು, ಆಮೇಲೆ ಬಿಳಿಚು ಅಥವಾ ನೀಲಿ. ಜೊಲ್ಲು ಅಂಟಂಟು, ನೂಲಿನಂತೆ ಎಳೆ. ನಡಿಗೆ ತೂರಾಡುವುದು, ಹೆಸರು ಕರೆದರೆ ಬೇರೆಲ್ಲೋ ನೋಡುವುದು, ವಾಂತಿ, ರಕ್ತ ಬೆರೆತ ಭೇದಿ, ಸೆಳೆತ. ನಾಯಿಯ ಸಹಜ ಮೈಕಾವು 38.3ರಿಂದ 39.2 ಡಿಗ್ರಿ. ಓಡಾಡಿದಾಗ 40 ಮುಟ್ಟುವುದೂ ಉಂಟು. ಆದರೆ 41ರ ಹತ್ತಿರ ಹೋಗಿ ಜೊತೆಗೆ ಈ ಗುರುತುಗಳಿದ್ದರೆ ಒಳಗಿನ ಅಂಗಗಳು ಬೇಯಲು ಶುರುವಾಗಿವೆ ಅಂತಲೇ ಅರ್ಥ.

ಆಗ ಮಾಡಬೇಕಾದದ್ದು ಒಂದೇ: ಅಲ್ಲೇ ತಣಿಸಿ. ಆಸ್ಪತ್ರೆಗೆ ಓಡುವುದು ಆಮೇಲೆ. ಅದೇ ಬ್ರಿಟಿಷ್ ದಾಖಲೆಗಳಲ್ಲಿ, ಆಸ್ಪತ್ರೆಗೆ ತರುವ ಮೊದಲು ತಣಿಸಿದ್ದ ನಾಯಿಗಳು ಐದರಲ್ಲಿ ಒಂದರಷ್ಟು ಮಾತ್ರ. ಮಿಕ್ಕವು ದಾರಿಯುದ್ದಕ್ಕೂ ಬೇಯುತ್ತಲೇ ಬಂದವು. ನೆರಳಿಗೆ ಎಳೆದು, ಇರುವ ನೀರನ್ನೆಲ್ಲ ಮೈಮೇಲೆ ಸುರಿಯಿರಿ. ಹೊಟ್ಟೆ, ತೊಡೆಸಂದು, ಕಂಕುಳು, ಕತ್ತು ಎಲ್ಲ ಚರ್ಮದವರೆಗೆ ತೋಯಬೇಕು. ನೀರು ಸುರಿದರೆ ಸಾಲದು, ಗಾಳಿ ಹಾಕಿ. ಟೋಪಿ, ಅಂಗಿ, ಮ್ಯಾಪು, ಏನಿದೆಯೋ ಅದರಿಂದ ಬೀಸಿ. ಹರಿಯುವ ನೀರು ಹತ್ತಿರವಿದ್ದು, ನಾಯಿ ಎಳೆಯದು, ಎಚ್ಚರ ಇದೆ ಅಂದರೆ ತಲೆ ಮೇಲಿಟ್ಟು ಕತ್ತಿನವರೆಗೆ ಮುಳುಗಿಸಬಹುದು. ತಣ್ಣೀರು ಹಾಕಿದರೆ ಆಘಾತವಾಗುತ್ತದೆ, ಉಗುರುಬೆಚ್ಚಗಿನ ನೀರೇ ಬೇಕು ಅನ್ನುವ ಹಳೆಯ ನಂಬಿಕೆ ಬಿಟ್ಟುಬಿಡಿ. ಮೈಗಿಂತ ತಣ್ಣಗಿರುವ ಯಾವ ನೀರೂ ಆಗುತ್ತದೆ. ನೀರು ಹುಡುಕುತ್ತಾ ಹೊತ್ತು ಕಳೆಯುವುದೇ ಅಪಾಯ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ. ಎರಡು ನಿಮಿಷದಲ್ಲಿ ಅದು ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹುಯ್ಯಬೇಡಿ. ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರವೇ ಅಲ್ಲ, ಮಾತ್ರೆಯಿಂದ ಕಾವು ಇಳಿಯುವುದಿಲ್ಲ, ನಮ್ಮ ನೋವಿನ ಮಾತ್ರೆಗಳು ನಾಯಿಗೆ ವಿಷ ಬೇರೆ.

ಇಲ್ಲಿ ಸಣ್ಣ ಪಾತ್ರೆಯ ಮಾತು ಮತ್ತೆ ಬರುತ್ತದೆ. ಸಣ್ಣ ನಾಯಿ ಬೇಗ ಆರುತ್ತದೆ, ಹಾಗಾಗಿ ಅತಿಯಾಗಿ ತಣಿಸಿಬಿಡುವ ಭಯವೂ ಇದೆ. ಗುದದಲ್ಲಿ ಇಟ್ಟು ನೋಡುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ 39.5ಕ್ಕೆ ಇಳಿದಾಗ ನೀರು ನಿಲ್ಲಿಸಿ. ಇಲ್ಲದಿದ್ದರೆ ತೇಕುವುದು ನಿಧಾನವಾದಾಗ, ಅಥವಾ ನಡುಕ ಕಂಡಾಗ ನಿಲ್ಲಿಸಿ. ಆಮೇಲೆ ಕಿಟಕಿ ತೆರೆದೋ ಎಸಿ ಹಾಕಿಯೋ ಆಸ್ಪತ್ರೆಗೆ ಹೋಗಿ, ದಾರಿಯಿಂದಲೇ ಫೋನ್ ಮಾಡಿ. ನಾಯಿ ಎದ್ದು ಬಾಲ ಅಲ್ಲಾಡಿಸಿದರೂ ಹೋಗಿ. ಮೂತ್ರಪಿಂಡ ಕೈಕೊಡುವುದು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಡುವುದು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು. ನೀವು ಸಂಜೆಗೆ ಸರಿಹೋಯಿತು ಅಂತ ಬರೆದಿದ್ದೀರಿ. ತಿಂಗಳಾಗಿದೆ, ಚೆನ್ನಾಗಿದೆ ಅಂದರೆ ಗಾಬರಿ ಬೇಡ. ಆದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಎದೆ ಕೇಳಿಸಿ. ಒಮ್ಮೆ ಕಾವು ತಗುಲಿದ ನಾಯಿಯ ಮೇಲೆ ಒಂದು ಕಣ್ಣು ಜಾಸ್ತಿ ಇಡುವುದು ನನ್ನ ಅಭ್ಯಾಸ.

ಈ ನಡುವೆ ಒಂದು ಖುಷಿಯ ಸಂಗತಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸದ ನಾಯಿಗಳಿಗೆ ತರಬೇತಿ ಕೊಡುವ ಕೇಂದ್ರ ಇದೆ. ಓಡಿ ಬಂದ ನಾಯಿಯನ್ನು ಬೇಗ ತಣಿಸುವ ದಾರಿ ಯಾವುದು ಅಂತ ಅವರು ಹೋಲಿಸಿ ನೋಡಿ, 2024ರಲ್ಲಿ ಪ್ರಕಟಿಸಿದರು. ಗೆದ್ದದ್ದು ತೀರಾ ಸರಳ ಉಪಾಯ: ನಾಯಿ ತಾನಾಗಿಯೇ ನೀರಿನ ಪಾತ್ರೆಗೆ ತಲೆ ಅದ್ದುವುದು. ಓಟ ನಿಲ್ಲಿಸಿದ ಮೇಲೂ ಕೆಲವು ನಿಮಿಷ ಮೈಕಾವು ಏರುತ್ತಲೇ ಇರುತ್ತದೆ. ತಲೆ ಅದ್ದಿದ ನಾಯಿಗಳಲ್ಲಿ ಆ ಏರಿಕೆಗೆ ಕಡಿವಾಣ ಬಿತ್ತು. ಇದು ಎಚ್ಚರವಿರುವ, ಆರೋಗ್ಯದ ನಾಯಿಗೆ ಮಾತ್ರ. ತೂರಾಡುವ ನಾಯಿಯ ತಲೆ ಮುಳುಗಿಸಬೇಡಿ, ಎಚ್ಚರ ಇದ್ದರೂ ಬಲವಂತವಾಗಿ ಅದುಮಬೇಡಿ. ಮನೆಯಲ್ಲಿ ಅಗಲದ ಪಾತ್ರೆಯ ತಳಕ್ಕೆ ಇಷ್ಟದ ಆಟಿಕೆ ಹಾಕಿ, ಮೂತಿ ಅದ್ದಿ ತೆಗೆಯುವ ಆಟ ಕಲಿಸಿ. ಮೊದಲು ಎರಡು ಬೆರಳು ನೀರು, ಆಮೇಲೆ ಜಾಸ್ತಿ. ನಿಮ್ಮದು ಮೂರು ವರ್ಷದ್ದು, ಒಂದು ವಾರದಲ್ಲಿ ಕಲಿಯುತ್ತದೆ. ನೀವು ಆ ದಿನ ತಲೆ ಒದ್ದೆ ಮಾಡಿದ್ದು ಒಳ್ಳೆಯ ಬುದ್ಧಿಯೇ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಬಿಸಿಲಿಗೆ ಹೊಂದಿಕೊಳ್ಳಲು ನಾಯಿಗೂ ದಿನಗಳು ಬೇಕು. ಒಂದೆರಡು ವಾರ ದಿನಾ ಸ್ವಲ್ಪ ಸ್ವಲ್ಪ ಬೆಚ್ಚಗಿನ ಹೊತ್ತಿನಲ್ಲಿ ನಡೆದರೆ ಮೈ ಒಗ್ಗಲು ಶುರುವಾಗುತ್ತದೆ, ಪೂರ್ತಿ ಒಗ್ಗಲು ಇನ್ನೂ ಹೆಚ್ಚು ಬೇಕು. ಅದಕ್ಕೇ ಬೇಸಿಗೆಯ ಮೊದಲ ಬಿಸಿ ದಿನಗಳೇ ಹೆಚ್ಚು ಅಪಾಯದವು. ದಿನವಿಡೀ ಎಸಿಯಲ್ಲಿ ಮಲಗಿ ಭಾನುವಾರ ಬೆಟ್ಟಕ್ಕೆ ಹೋಗುವ ನಾಯಿಗೆ ಪ್ರತಿ ಭಾನುವಾರವೂ ಮೊದಲ ದಿನವೇ.

ನಿಮ್ಮದೇ ಬೆಟ್ಟಕ್ಕೆ ಮತ್ತೆ ಹೋಗಬೇಕು ಅನ್ನಿಸಿದರೆ ಹೀಗೆ ಮಾಡಿ. ಈಗಿನ ಮೂರು ಕಿಲೋಮೀಟರಿಗೆ ವಾರಕ್ಕೊಮ್ಮೆ ಅರ್ಧ ಕಿಲೋಮೀಟರ್ ಸೇರಿಸುತ್ತಾ ಬನ್ನಿ, ಅದರಲ್ಲಿ ಸ್ವಲ್ಪ ಏರು ಇರಲಿ. ಬೆಟ್ಟದ ದಿನ ಕತ್ತಲಲ್ಲೇ ಬುಡಕ್ಕೆ ತಲುಪಿ. ಹತ್ತುವಾಗ ಲೀಶ್ ಬಿಚ್ಚಬೇಡಿ. ಮುಂದೆ ಓಡಿ, ಹಿಂದೆ ಬಂದು, ಮತ್ತೆ ಓಡಿ ಅದು ನಿಮ್ಮ ಎರಡರಷ್ಟು ನಡೆದಿರುತ್ತದೆ. ನಿಮ್ಮ ಪಕ್ಕದಲ್ಲೇ ನಡೆಯಲಿ. ಏಳಕ್ಕೆ ತುದಿ ಮುಟ್ಟಿದಿರೋ ಸರಿ, ಮುಟ್ಟದಿದ್ದರೂ ಏಳಕ್ಕೆ ತಿರುಗಿ. ತುದಿ ಹತ್ತೇ ನಿಮಿಷ ದೂರ ಇದ್ದರೂ ತಿರುಗಿ, ಆ ಹತ್ತು ನಿಮಿಷಕ್ಕೆ ಇಳಿಯುವ ಹತ್ತು ನಿಮಿಷ ಸೇರಿಸಿ ಲೆಕ್ಕ ಹಾಕಬೇಕು. ಮೇಲೆ ಕೂರುವುದಾದರೆ ಬಂಡೆ ಬಿಟ್ಟು ಮರದ ಕೆಳಗೆ ಕೂರಿ. ಇಳಿಯುವಾಗ ಅದು ಚೆನ್ನಾಗಿ ನಡೆಯುತ್ತಿದ್ದರೂ ಬಿಸಿಲು ಬೀಳುವ ಬಯಲು ಬಂದಾಗ ಒದ್ದೆ ಮಾಡಿ ಎತ್ತಿಕೊಳ್ಳಿ, 6 ಕೆ.ಜಿ. ತಾನೇ. ಹೋದ ಸಲ ಅದು ಮಲಗಿದ್ದ ಪೊದೆಯನ್ನು ಎಂಟು ಗಂಟೆಯೊಳಗೆ ದಾಟಿರಬೇಕು, ಅಷ್ಟು ಗುರಿ ಇಟ್ಟುಕೊಳ್ಳಿ.